ಸಹಾಯ ಬೇಕು: ಆಫ್ರಿಕನ್ ಪ್ರಿಂಟ್ ಬಟ್ಟೆಯಲ್ಲಿ ಫಿಟಿಂಗ್ ಬ್ಲೌಸ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಘಾನಾದ ಅಕ್ರಾದಲ್ಲಿ. ಇಲ್ಲಿನ ಮಕೋಲಾ ಮಾರುಕಟ್ಟೆಯಿಂದ ವ್ಯಾಕ್ಸ್ ಪ್ರಿಂಟ್ ಎನ್ನುವ ಆಫ್ರಿಕನ್ ಪ್ರಿಂಟ್ ಬಟ್ಟೆ ಆರು ಗಜ ತಂದಿದ್ದೇನೆ. ಕಡುನೀಲಿಯ ಮೇಲೆ ಅಂಗೈಗಿಂತ ದೊಡ್ಡ ಹಳದಿ ಚಕ್ರಗಳು, ಎಷ್ಟು ನೋಡಿದರೂ ಸಾಲದು! ಪೂರ್ತಿ ಹತ್ತಿ, ಒಂದಿಷ್ಟೂ ಹಿಗ್ಗುವುದಿಲ್ಲ. ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಟ್ಟಿದ್ದೇನೆ.

ಪ್ರಿನ್ಸೆಸ್ ಕಟ್ (ಎದೆಯ ಮೇಲಿಂದ ಉದ್ದಕ್ಕೆ ಜೋಡು ಹೊಲಿಗೆ ಬರುವ ಕಟ್) ಹಾಕಿದರೆ ಮೈಗೆ ಚೆನ್ನಾಗಿ ಕೂರುತ್ತದೆ, ಆದರೆ ಚಕ್ರಗಳು ಎದೆಯ ಮೇಲೇ ತುಂಡಾಗುತ್ತವೆ. ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಟಕ್ಸ್ (ಬಟ್ಟೆಯನ್ನು ಅಲ್ಲಲ್ಲಿ ಮಡಚಿ ಹಾಕುವ ಹೊಲಿಗೆ) ಹಿಡಿದರೆ ಡಿಸೈನ್ ಉಳಿಯುತ್ತದೆ, ಅದೇ ಫಿಟಿಂಗ್ ಬರುತ್ತದೆಯೇ? ಇಂಥ ಬಟ್ಟೆ ಹೊಲಿದಿರುವ ಅಕ್ಕಂದಿರು ದಯವಿಟ್ಟು ಹೇಳಿ. ಎಡ-ಬಲ ಚಕ್ರಗಳು ಒಂದೇ ಮಟ್ಟಕ್ಕೆ ಬರಲಿ ಎಂದು ಬಟ್ಟೆ ಮಡಚದೆ ಒಂಟಿ ಪದರದಲ್ಲೇ ಕತ್ತರಿಸೋಣ ಅಂದುಕೊಂಡಿದ್ದೇನೆ, ಸರಿಯೇ? ಬಟ್ಟೆ ಗಟ್ಟಿಯಿದೆ, ಆದರೂ ಲೈನಿಂಗ್ ಬೇಕೇ? ನೀವು ಹೊಲಿದದ್ದರ ಫೋಟೋ ಇದ್ದರೆ ಹಾಕಿ.