ಬಸೂನ ಬರ್ಲಿನ್ ಗೋಡೆ

ಗೋಲಗುಮ್ಮಟದ ಹತ್ತಿರದ ಚಹಾದಂಗಡಿಗೆ ಬಸು ಬಂದ. ಚೆಸ್ ಟೂರ್ನಮೆಂಟ್ ಏನಾಯಿತು ಅಂತ ಮುಖವೇ ಹೇಳುತ್ತಿತ್ತು.

“ಬರ್ಲಿನ್ ಡಿಫೆನ್ಸ್ ಆಡಬೇಕಂತಿದ್ದೆ.”

“ಆಡಲಿಲ್ವಾ?” ಇಸ್ಮಾಯಿಲ್ ಕೇಳಿದ.

“ಬಿಡಬೇಕಲ್ಲ! ಹದಿನಾಲ್ಕು ನಡೆ ಬಾಯಿಪಾಠ ಮಾಡಿದ್ದೆ. ಆ ಹುಡುಗ ಎರಡನೇ ನಡೆಗೇ ಅಂಚಿನ ಪ್ಯಾದೆಯನ್ನು ಒಂದು ಮನೆ ತಳ್ಳಿದ. ಅದು ನನ್ನ ಪುಸ್ತಕದಲ್ಲೇ ಇಲ್ಲ!”

“ಪಾಪ, ಅವನು ನಿನ್ನ ಪುಸ್ತಕ ಓದಿರಲಿಲ್ಲ,” ಅಂದೆ. “ವಯಸ್ಸೆಷ್ಟು?”

“ಒಂಬತ್ತು.”

ಮಲ್ಲಣ್ಣ ಬಿಸ್ಕತ್ತು ಅದ್ದುತ್ತಾ, “ಏನೋ ಅದು ಬರ್ಲಿನ್?” ಅಂದ. ಕೇಳಬಾರದಿತ್ತು. ಬಸು ಅರಳಿದ.

“ಕರಿ ಕಾಯಿಯವನು ಆಡುವ ಓಪನಿಂಗ್, ಅಂದ್ರೆ ಆಟ ಶುರುಮಾಡುವ ನಡೆಗಳು. 2000ದಲ್ಲಿ ಲಂಡನ್‌ನಲ್ಲಿ ಕ್ರಾಮ್ನಿಕ್ ಇದನ್ನೇ ಆಡಿ ಕ್ಯಾಸ್ಪರೋವ್‌ನ ವಿಶ್ವ ಚಾಂಪಿಯನ್ ಪಟ್ಟ ಕಿತ್ತುಕೊಂಡ. ಕ್ಯಾಸ್ಪರೋವ್ ಒಂದೂ ಆಟ ಗೆಲ್ಲಲಿಲ್ಲ. ಅದಕ್ಕೇ ಬರ್ಲಿನ್ ಗೋಡೆ ಅಂತಾರೆ!”

“ಆ ಗೋಡೆ 1989ರಲ್ಲೇ ಬಿತ್ತಲ್ಲೋ,” ಅಂದೆ. “ನಮ್ಮೂರ ಕೋಟೆ ಗೋಡೆ ಏನು ಸಣ್ಣದಾ? ಮಲಿಕ್-ಎ-ಮೈದಾನ್ ತೋಪು ಬೇರೆ ಇತ್ತು. 1686ರಲ್ಲಿ ಔರಂಗಜೇಬ ನಿಂತನಾ? ಅವನೂ ನಿನ್ನ ಪುಸ್ತಕ ಓದಿರಲಿಲ್ಲ.”

“ಸುಮ್ನಿರು. ಇದರಲ್ಲಿ ಎಂಟನೇ ನಡೆಗೇ ಇಬ್ಬರ ವಜೀರರೂ ಹೋಗ್ತಾರೆ.”

“ಎಣ್ಣೆಗಾಯಿಯಲ್ಲಿ ಬದನೆಕಾಯಿನೇ ತೆಗೆದಂಗಾತು,” ಅಂದ ಮಲ್ಲಣ್ಣ.

ನನಗೆ ಸಿಟ್ಟು ಬರುವುದು ಬರ್ಲಿನ್ ಮೇಲಲ್ಲ. ಯಾವ ನಡೆ ಒಳ್ಳೇದು ಅಂತ ಕಂಪ್ಯೂಟರ್ ಒಂದು ಸಲ ಹೇಳುತ್ತದೆ. ಈ ಆಟಗಾರರೆಲ್ಲ ಗುಮ್ಮಟದ ಗೋಡೆಯ ಹಾಗೆ ಅದನ್ನೇ ಏಳೇಳು ಸಲ ಹೇಳುತ್ತಾರೆ. ಎಂಟನೇ ಸಲ ಹೇಳುವವನು ಬಸು.

“ಓಪನಿಂಗ್ ಓದದೆ ಯಾರು ಮೇಲೆ ಬಂದಿದ್ದಾರೆ, ಹೇಳು!”

“ಸುಲ್ತಾನ್ ಖಾನ್,” ಅಂದ ಇಸ್ಮಾಯಿಲ್. “ಪಂಜಾಬಿನವನು. ಕಲಿತದ್ದು ದೇಸಿ ಆಟ. ಅದರಲ್ಲಿ ಪ್ಯಾದೆಗೆ ಮೊದಲ ಸಲವೂ ಒಂದೇ ಮನೆ. 1929ರಲ್ಲಿ ಇಂಗ್ಲೆಂಡಿಗೆ ಹೋದ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ. ಆಮೇಲೆ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನೂ ಸೋಲಿಸಿದ.”

“ಗ್ರ್ಯಾಂಡ್‌ಮಾಸ್ಟರಾ?”

“ಗೌರವ ಪದವಿ 2024ರಲ್ಲಿ ಕೊಟ್ಟರು. ಅವನು ಸತ್ತು 58 ವರ್ಷಕ್ಕೆ.”

ಚಹಾ ಆರಿತು. ಯಾರೂ ಮಾತಾಡಲಿಲ್ಲ.

“ನಮ್ಮಪ್ಪನೂ ಪ್ಯಾದೆಯನ್ನು ಒಂದೇ ಮನೆ ನಡೆಸುತ್ತಿದ್ದ,” ಅಂದೆ. “ಅವರ ಆಟದಲ್ಲಿ ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದಿತ್ತು. ಅಪ್ಪ ಆ ಹಾರಿಕೆಯನ್ನು ಕಷ್ಟಕಾಲಕ್ಕೆ ಅಂತ ಉಳಿಸಿಕೊಳ್ಳುತ್ತಿದ್ದ. ಜಾಸ್ತಿ ಸಲ ಅಷ್ಟರಲ್ಲಿ ಅವ್ವ ಊಟಕ್ಕೆ ಕರೆಯುತ್ತಿದ್ದಳು. ಹಾರಿಕೆ ಹಾಗೇ ಉಳಿಯುತ್ತಿತ್ತು.”

ಬಸು ಮೆಲ್ಲಗೆ ಮೊಬೈಲ್ ತೆಗೆದ.

“ಆ ಓಪನಿಂಗ್‌ಗೆ ಹೆಸರೇನು?”