ಸರ್ಕಾರ ಹಣ 'ಹೂಡುತ್ತದೆ' ಅಂದರೆ ಯಾವ ಹೂಡುವುದು?

ಎಲ್ಲರಿಗೂ ನಮಸ್ಕಾರ.

ಸಾಗರದಿಂದ ಬರೆಯುತ್ತಿದ್ದೇನೆ. ದಿನಾ ಬಳಸುವ ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಹೂಡು, ಹೂಡಿಕೆ.

ಇಲ್ಲಿನ ಕಾಲೇಜು ಮಕ್ಕಳ ಜೊತೆ ಮಾತಾಡಲು ಒಂದು ಟಿಪ್ಪಣಿ ಬರೆಯುತ್ತಿದ್ದೆ. ಸೋಲಾರ್, ಗಾಳಿ ಕರೆಂಟು, ಬ್ಯಾಟರಿ ಅಂತ ದೇಶದೇಶಗಳು ಯಾಕೆ ಇಷ್ಟು ದುಡ್ಡು ಸುರಿಯುತ್ತಿವೆ ಅನ್ನುವುದು ವಿಷಯ. ಮೊದಲ ಸಾಲು ಹೀಗೆ ಬಂತು: 'ಶುದ್ಧ ಇಂಧನದ ಹೂಡಿಕೆಯಲ್ಲಿ ದೇಶಗಳ ನಡುವೆ ಪೈಪೋಟಿ ನಡೆದಿದೆ.' ಪತ್ರಿಕೆಗಳಲ್ಲಿ ನೋಡಿ ನೋಡಿ ಕೈಗೆ ಹತ್ತಿದ ಸಾಲು. ಆದರೆ ಯಾವ ಸರ್ಕಾರಕ್ಕೆ ಏನು ಬೇಕಾಗಿದೆ ಅನ್ನುವುದು ಅದರಲ್ಲಿ ಕಾಣುವುದೇ ಇಲ್ಲ. ಎಲ್ಲರೂ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟ ಹಾಗೆ ಕೇಳುತ್ತದೆ.

ನಮ್ಮ ಕಡೆ ಅಡಿಕೆ ಸುಗ್ಗಿ ಬಂದಾಗ ಅಂಗಳದ ಬದಿಗೆ ಕಲ್ಲು ಇಟ್ಟು ಒಲೆ ಹೂಡುತ್ತಾರೆ. ಕಲ್ಲು ಅಲುಗಬಾರದು. ಒಂದರ ಕೆಳಗೆ ಚೂರು ಹೆಂಚು ಕೊಟ್ಟು, ಕೈಯಲ್ಲಿ ಒತ್ತಿ ನೋಡಿ, ಆಮೇಲೆ ಹಂಡೆ ಏರಿಸುತ್ತಾರೆ. ಗದ್ದೆಯಲ್ಲಿ ಎತ್ತು ಹೂಡುತ್ತಾರೆ, ನೇಗಿಲು ಹೂಡುತ್ತಾರೆ. ಯಕ್ಷಗಾನದ ಅರ್ಜುನ ಬಾಣ ಹೂಡುತ್ತಾನೆ. ಕೋರ್ಟಿನಲ್ಲಿ ದಾವೆ ಹೂಡುತ್ತಾರೆ. ಆಗದವರು ಸಂಚು ಹೂಡುತ್ತಾರೆ. ಎಲ್ಲದರಲ್ಲೂ ಒಂದೇ ಎಳೆ ಇದೆ ಅಲ್ವಾ? ಒಂದಕ್ಕೊಂದು ಸರಿಯಾಗಿ ಕೂಡಿಸಿ, ಮುಂದಿನ ಕೆಲಸಕ್ಕೆ ಅಣಿ ಮಾಡುವುದು. ಆ ಮುಂದಿನ ಕೆಲಸ ಉಳುಮೆಯೋ, ಬೇಯಿಸುವುದೋ, ಹೊಡೆಯುವುದೋ ಅನ್ನುವುದನ್ನು ಹೂಡುವ ವಸ್ತುವೇ ಹೇಳುತ್ತದೆ. 'ಹೂಡಿಕೆ' ಅಂತ ನಾಮಪದ ಮಾಡಿದ ಕೂಡಲೇ ವಸ್ತು ಬಿದ್ದುಹೋಗುತ್ತದೆ. ದುಡ್ಡು ಮಾತ್ರ ಉಳಿಯುತ್ತದೆ.

ಹಾಗಾಗಿ ಒಂದೊಂದು ಸರ್ಕಾರದ ಮುಂದೆಯೂ ವಸ್ತುವನ್ನು ವಾಪಸ್ ಇಟ್ಟು ನೋಡಿದೆ.

ಚೀನಾ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ತೈಲ ಆಮದು ಮಾಡುವ ದೇಶ. ತೈಲದ ಹಡಗು ನಿಂತರೆ ಅದಕ್ಕೆ ಕಷ್ಟ. ಅದು ಶುದ್ಧ ಇಂಧನಕ್ಕೆ ಹೊರಳಲು ನಗರಗಳ ಹೊಗೆಯೂ ಒಂದು ಕಾರಣ, ಹೊಸ ಕಾರ್ಖಾನೆಗಳ ಆಸೆಯೂ ಒಂದು ಕಾರಣ. ವರ್ಷಗಟ್ಟಲೆ ಅಗ್ಗದ ಸಾಲ, ಜಾಗ, ನೆರವು ಕೊಟ್ಟು ಆ ಕಾರ್ಖಾನೆಗಳನ್ನು ಬೆಳೆಸಿತು. ಸೋಲಾರ್ ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಅದರ ಪಾಲು 80 ಶೇಕಡಾಕ್ಕಿಂತ ಜಾಸ್ತಿ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಹೇಳಿತು. ಇದು ನೇಗಿಲು ಹೂಡಿದ್ದು. ಬಿತ್ತನೆಗೆ ಮೊದಲು ವರ್ಷಾನುವರ್ಷ ಉತ್ತದ್ದು. ಅದೇ ಚೀನಾ 2023ರ ಡಿಸೆಂಬರಿನಿಂದ, ಬ್ಯಾಟರಿಗೆ ಬೇಕಾದ ಗ್ರಾಫೈಟನ್ನು ಹೊರಗೆ ಕಳಿಸಲು ಪರವಾನಗಿ ಬೇಕು ಅಂದಿತು. ಪೂರ್ತಿ ನಿಲ್ಲಿಸಲಿಲ್ಲ, ಕೀಲಿಕೈ ತನ್ನ ಹತ್ತಿರ ಇಟ್ಟುಕೊಂಡಿತು. ಇದಕ್ಕೆ ನನಗೆ ಹೊಂದುವುದು ಬಾಣ ಹೂಡಿದ್ದು. ಹೂಡಿ ಹಿಡಿಯಿತು, ಬಿಡಲಿಲ್ಲ.

ಅಮೆರಿಕದ ಕತೆಯಲ್ಲಿ ಪದ ಇನ್ನೂ ತೊಡಕಾಗುತ್ತದೆ. ಶುದ್ಧ ಇಂಧನಕ್ಕೆ ನೆರವು ಕೊಡುವ, 2022ರ ಆಗಸ್ಟಿನ ಇನ್‌ಫ್ಲೇಷನ್ ರಿಡಕ್ಷನ್ ಆಕ್ಟ್ ಅನ್ನುವ ಕಾನೂನನ್ನು ಎಲ್ಲರೂ 'ಭಾರಿ ಹೂಡಿಕೆ' ಅಂತಲೇ ಬರೆದರು. ಅದರ ಬಹುಪಾಲು ಖಜಾನೆಯಿಂದ ಎಣಿಸಿ ಕೊಟ್ಟ ಹಣ ಅಲ್ಲ. ಬರಬೇಕಾದ ತೆರಿಗೆಯನ್ನು ಬಿಟ್ಟದ್ದು. ಅಮೆರಿಕದಲ್ಲೇ ತಯಾರಾದ ಸಾಮಾನು ಬಳಸಿದರೆ ಇನ್ನೂ ಸ್ವಲ್ಪ ಜಾಸ್ತಿ ಬಿಟ್ಟರು. 2025ರಲ್ಲಿ ಇನ್ನೊಂದು ಕಾನೂನು ತಂದು ಇವುಗಳಲ್ಲಿ ಬಹಳಷ್ಟನ್ನು ಮೊಟಕು ಮಾಡಿದರು. ಬಿಟ್ಟ ತೆರಿಗೆಗೆ ಕನ್ನಡದಲ್ಲಿ ಏನನ್ನಬೇಕು? 'ರಿಯಾಯಿತಿ' ಅಂದರೆ ಸೀರೆ ಅಂಗಡಿ ನೆನಪಾಗುತ್ತದೆ. 'ಮಾಫಿ' ಅಂದರೆ ಬರಗಾಲದ ಸಾಲ ನೆನಪಾಗುತ್ತದೆ. ಹಳ್ಳಿಯವರು ಗೇಣಿಯಲ್ಲಿ 'ಸೋಡಿ ಬಿಟ್ಟರು' ಅನ್ನುತ್ತಿದ್ದುದು ನನಗೆ ಇದಕ್ಕೆ ಹತ್ತಿರ ಅನ್ನಿಸುತ್ತದೆ. ನಿಮಗೆ?

ದಾವೆ ಹೂಡುವುದಂತೂ ಇಲ್ಲಿ ಸುಮ್ನೆ ಹೋಲಿಕೆ ಅಲ್ಲ, ನಡೆದೇ ಹೋಗಿದೆ. ನಮ್ಮ ಸೌರ ಯೋಜನೆಯಲ್ಲಿ ಭಾರತದಲ್ಲೇ ಆದ ಸೆಲ್ (ಪ್ಯಾನೆಲ್ ಒಳಗೆ ಬಿಸಿಲನ್ನು ಕರೆಂಟು ಮಾಡುವ ಬಿಲ್ಲೆ) ಬಳಸಬೇಕು ಅಂತ ಷರತ್ತು ಇತ್ತು. ಅದರ ಮೇಲೆ ಅಮೆರಿಕ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು. 2016ರಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಅದೇ ವರ್ಷ ಭಾರತವೂ ಅಮೆರಿಕದ ಕೆಲವು ರಾಜ್ಯಗಳ ಇಂಥದ್ದೇ ಷರತ್ತುಗಳ ಮೇಲೆ ತಿರುಗಿ ಹೋಯಿತು. 2019ರ ತೀರ್ಪು ನಮ್ಮ ಕಡೆಗಿತ್ತು. ಬಿಸಿಲು ಯಾರದೂ ಅಲ್ಲ, ಆದರೂ ಬಿಸಿಲಿನ ಕರೆಂಟಿಗೆ ದಾಯಾದಿಗಳ ಹಾಗೆ ವ್ಯಾಜ್ಯ.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆ ಮಾಡಿಗೆ ಪ್ಯಾನೆಲ್ ಹಾಕುವಾಗ ನೋಡುತ್ತಾ ನಿಂತಿದ್ದೆ. ಕೂರಿಸುವ ಹುಡುಗ ಒಂದನ್ನು ಬೋರಲು ಹಾಕಿ ಹಿಂದಿನ ಚೀಟಿ ತೋರಿಸಿದ. ಸೆಲ್ಲೂ ಇಲ್ಲಿಯದೇ, ಪ್ಯಾನೆಲ್ಲೂ ಇಲ್ಲಿಯದೇ. ಇಂಥದ್ದಾದರೆ ಮಾತ್ರ ಮನೆ ಮಾಡಿನ ಸೋಲಾರಿಗೆ ಕೇಂದ್ರ ಸರ್ಕಾರ ಕೊಡುವ ಸೂರ್ಯ ಘರ್ ಯೋಜನೆಯ ಸಬ್ಸಿಡಿ, 3 ಕಿಲೋವ್ಯಾಟಿಗೆ 78,000 ರೂಪಾಯಿ. ಹೊರಗಿನ ಸೆಲ್ ಹಾಕಿದ ಪ್ಯಾನೆಲ್ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಸಬ್ಸಿಡಿ ಇಲ್ಲ. 2022ರ ಏಪ್ರಿಲಿನಿಂದ ಹೊರಗಿನ ಪ್ಯಾನೆಲ್ ಮೇಲೆ 40 ಶೇಕಡಾ, ಸೆಲ್ ಮೇಲೆ 25 ಶೇಕಡಾ ಸುಂಕ ಹಾಕಿದ್ದು, ಪ್ಯಾನೆಲ್ ಕಾರ್ಖಾನೆಗಳಿಗೆ 4,500 ಕೋಟಿ, ಆಮೇಲೆ 19,500 ಕೋಟಿ ಪ್ರೋತ್ಸಾಹಧನ ಇಟ್ಟದ್ದು, ಎಲ್ಲ ಆ ಚೀಟಿಯ ಹಿಂದೆ ಇದೆ. ಇದನ್ನು ಅಧಿಕೃತವಾಗಿ 'ಸ್ವಾವಲಂಬನೆ' ಅನ್ನುತ್ತಾರೆ. ನನಗೆ ನಮ್ಮ ಹಳೆಯ 'ಹಂಗು' ಪದ ಬೇಕು. ಇನ್ನೊಬ್ಬರ ಹಂಗಿನಲ್ಲಿ ಇರಬಾರದು. 1973ರ ತೈಲ ಬಿಕ್ಕಟ್ಟಿನ ಮೇಲೆ ಬ್ರೆಜಿಲ್ ಕಬ್ಬಿನ ಆಲ್ಕೋಹಾಲಿಗೆ, ಫ್ರಾನ್ಸ್ ಅಣು ವಿದ್ಯುತ್ತಿಗೆ ಹೊರಳಿದ್ದೂ ಹಂಗು ತಪ್ಪಿಸಿಕೊಳ್ಳಲು. ಹವಾಮಾನ ಬದಲಾಗುವ ಚಿಂತೆ ಆಗ ಅವರ ಲೆಕ್ಕದಲ್ಲಿ ಇರಲಿಲ್ಲ.

ಇನ್ನು ಪೈಪೋಟಿ. ತೆಲುಗಿನ 'ಪೋಟಿ', ತಮಿಳಿನ 'ಪೋಟ್ಟಿ' ಇದರ ನೆಂಟರು. ಅಡಿಕೆ ಮಂಡಿಯಲ್ಲಿ ವ್ಯಾಪಾರಿಗಳು ಪೈಪೋಟಿಗೆ ಇಳಿದರೆ ಬೆಳೆಗಾರನಿಗೆ ನಾಲ್ಕು ಕಾಸು ಹೆಚ್ಚು. ಹಾಗಾಗಿ ನಮ್ಮ ಕಿವಿಗೆ ಅದು ಒಳ್ಳೆಯ ಪದ. ಪ್ಯಾನೆಲ್ ಬೆಲೆ ಇಳಿದದ್ದು ಈ ಪೈಪೋಟಿಯಿಂದ. ಆದರೆ ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸಿ, 2024ರಲ್ಲಿ ಚೀನಾದ ದೊಡ್ಡ ದೊಡ್ಡ ಕಂಪನಿಗಳೇ ನಷ್ಟಕ್ಕೆ ಬಿದ್ದವು. ಅದು ಜಿದ್ದು. ಯುರೋಪ್ ಒಕ್ಕೂಟ 2024ರಲ್ಲಿ ಕಾನೂನು ಮಾಡಿ, ತನಗೆ ವರ್ಷಕ್ಕೆ ಬೇಕಾದ ಶುದ್ಧ ಇಂಧನದ ಸಲಕರಣೆಯಲ್ಲಿ 40 ಶೇಕಡಾ 2030ರ ಹೊತ್ತಿಗೆ ತನ್ನಲ್ಲೇ ಆಗಬೇಕು ಅಂದಿತು. ಅವರಲ್ಲಿ ಇದೆ, ನಮ್ಮಲ್ಲೂ ಇರಬೇಕು. ಇದಕ್ಕೆ 'ಹುರುಡು' ಸರಿಹೊಂದುತ್ತದೆ. ಅದರಲ್ಲಿ ಸ್ಪರ್ಧೆಯೂ ಇದೆ, ಹೊಟ್ಟೆಯುರಿಯೂ ಇದೆ. ಇವತ್ತು ಬಳಸುವವರು ಕಡಿಮೆ. ಬಳಕೆಗೆ ತರಬಹುದಾ?

'ಇಂಧನ'ದ ಮೇಲೂ ನನ್ನ ತಕರಾರಿದೆ. ಉರಿಸುವುದು ಅನ್ನುವ ಮೂಲದಿಂದ ಬಂದ ಪದ, ಸೌದೆಗೆ ಸರಿ. ಬಿಸಿಲನ್ನು, ನೀರನ್ನು ಯಾರು ಉರಿಸುತ್ತಾರೆ? ಆದರೆ ಇಲಾಖೆಯ ಹೆಸರೇ ಇಂಧನ ಇಲಾಖೆ. ಅದನ್ನು ಇಲ್ಲಿಗೆ ಬಿಡುತ್ತೇನೆ.

ಕೊನೆಗೆ ನಮ್ಮ ಶರಾವತಿ. ಲಿಂಗನಮಕ್ಕಿ ಅಣೆಕಟ್ಟು 1964ರದು. ಹಿನ್ನೀರಿನ ಕಡೆಯ ಹಿರಿಯರ ಮಾತಿನಲ್ಲಿ ಹೂಡಿಕೆ ಅನ್ನುವ ಪದ ಬರುವುದೇ ಇಲ್ಲ. ಸರ್ಕಾರ 'ಕಟ್ಟಿತು', ನಾವು ಜಮೀನು 'ಕೊಟ್ಟೆವು', ಊರು 'ಬಿಟ್ಟೆವು'. ಈಗ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಕರೆಂಟು ಹೆಚ್ಚಿದ್ದಾಗ ನೀರು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವುದು. ಸಿಂಗಳೀಕಗಳ ಕಾಡಿಗೆ ಪೆಟ್ಟು ಅಂತ ಇಲ್ಲಿ ವಿರೋಧವೂ ಜೋರಾಗಿದೆ. ಅದರ ಸುದ್ದಿಯಲ್ಲೂ 'ಶುದ್ಧ ಇಂಧನದಲ್ಲಿ ಹೂಡಿಕೆ' ಅಂತ ಬರೆದರೆ, ಕೊಟ್ಟವರ, ಬಿಟ್ಟವರ ಪಾಲು ಯಾವ ಪದದಲ್ಲಿ ಸೇರುತ್ತದೆ?

ನಿಮ್ಮ ಕಡೆ ಹೂಡು ಪದ ಇನ್ನೂ ಯಾವುದರ ಜೊತೆ ಬರುತ್ತದೆ? ಕರಾವಳಿಯವರು, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ. ನನ್ನ ಮೊದಲ ಸಾಲು ಸದ್ಯ ಹೀಗಿದೆ: 'ಹಂಗು ಹರಿದುಕೊಳ್ಳಲು ಕೆಲವರು, ಹುರುಡಿಗೆ ಬಿದ್ದು ಕೆಲವರು, ಬಿಸಿಲು ಗಾಳಿಯ ಕರೆಂಟಿಗೆ ಹಣ ಹೂಡುತ್ತಿದ್ದಾರೆ.' ತಿದ್ದಿ ಕಳಿಸಿ. ಶನಿವಾರದೊಳಗೆ ಸಿಕ್ಕರೆ ಮಕ್ಕಳ ಮುಂದೆ ಅದನ್ನೇ ಓದುತ್ತೇನೆ.