ದೊಡ್ಡ ಬೈಕ್ ತಿರುವಿನಲ್ಲಿ ಹೊರಕ್ಕೆ ಸರಿಯುವುದೇಕೆ?

ಪ್ರಶ್ನೆ:
ಹಲವು ವರ್ಷ 150 ಸಿಸಿ ಬೈಕ್ ಓಡಿಸಿದ ನಾನು ಈಗ 650 ಸಿಸಿ ಬೈಕಿಗೆ ಬಂದಿದ್ದೇನೆ. ನೇರ ರಸ್ತೆಯಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಹಳೆಯ ಬೈಕಿನಲ್ಲಿ ಮೈಯನ್ನು ಸ್ವಲ್ಪ ಓರೆ ಮಾಡಿದರೆ ಸಾಕಾಗುತ್ತಿದ್ದಂಥ ತಿರುವುಗಳಲ್ಲಿ ಇದು ಸುಲಭವಾಗಿ ವಾಲುವುದಿಲ್ಲ. ತಿರುವಿನ ಮಧ್ಯಕ್ಕೆ ಬರುವಷ್ಟರಲ್ಲಿ ರಸ್ತೆಯ ಹೊರ ಅಂಚಿನತ್ತ ಸರಿಯತೊಡಗುತ್ತದೆ. ಭಾರ ಹೆಚ್ಚಿರುವುದರಿಂದ ಇದನ್ನು ಇನ್ನಷ್ಟು ವಾಲಿಸಬೇಕೇ ಅಥವಾ ಬೇರೆ ರೂಢಿ ಮಾಡಿಕೊಳ್ಳಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ವಾಲುವ ಕೋನವನ್ನು ನಿರ್ಧರಿಸುವುದು ಭಾರವಲ್ಲ, ವೇಗ ಮತ್ತು ತಿರುವಿನ ತ್ರಿಜ್ಯ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 60 ಕಿ.ಮೀ. ವೇಗಕ್ಕೆ ಸುಮಾರು 30 ಡಿಗ್ರಿ ಸಾಕು; 70 ಕಿ.ಮೀ.ಗೆ ಏರಿದರೆ ಸುಮಾರು 38 ಡಿಗ್ರಿ ಬೇಕಾಗುತ್ತದೆ. ಅಗಲವಾದ ಟೈರಿಗೆ ಇದಕ್ಕಿಂತ ತುಸು ಹೆಚ್ಚು ವಾಲಬೇಕೆಂಬುದು ನಿಜವಾದರೂ ನಿಮ್ಮ ತೊಂದರೆಗೆ ಅದು ಮುಖ್ಯ ಕಾರಣವೆಂದು ನನಗೆ ತೋರುವುದಿಲ್ಲ. ಭಾರವೂ ಎರಡು ಚಕ್ರಗಳ ನಡುವಿನ ಅಂತರವೂ ಹೆಚ್ಚಿದಾಗ ಬೈಕನ್ನು ವಾಲಿಸಲು ಹೆಚ್ಚು ಬಲ ಬೇಕಾಗುತ್ತದೆ, ಮತ್ತು ಆ ಬಲ ಮೈ ಓರೆ ಮಾಡುವುದರಿಂದ ಸಿಗುವುದಿಲ್ಲ. ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಎಡ ಹಿಡಿಯನ್ನು ಮುಂದಕ್ಕೆ ಒತ್ತಿ. ಮುಂಚಕ್ರ ಕ್ಷಣಮಾತ್ರ ಬಲಕ್ಕೆ ಹೊರಳುತ್ತದೆ, ಬೈಕ್ ಎಡಕ್ಕೆ ವಾಲುತ್ತದೆ. ಸಣ್ಣ ಬೈಕಿನಲ್ಲೂ ನಿಮ್ಮ ಕೈ ಇದನ್ನೇ ಮಾಡುತ್ತಿತ್ತು, ಒತ್ತಡ ಅಲ್ಪವಾಗಿದ್ದರಿಂದ ಗಮನಕ್ಕೆ ಬಂದಿರಲಿಕ್ಕಿಲ್ಲ. ಎಡಗೈ ಒತ್ತುತ್ತಿರುವಾಗ ಬಲಗೈ ಬಿಗಿಯಾಗಿದ್ದರೆ ಎರಡೂ ಒಂದಕ್ಕೊಂದು ಎದುರಾಗಿ ಬೈಕ್ ವಾಲುವುದೇ ಇಲ್ಲ.

ಉತ್ತರ 2:
ಮೇಲಿನ ಮಾತಿಗೆ ನನ್ನ ಸಹಮತವಿದೆ, ಆದರೂ ನಾನು ಮೊದಲು ಅನುಮಾನಿಸುವುದು ವೇಗವನ್ನೇ. ದೊಡ್ಡ ಎಂಜಿನ್ ಆಯಾಸವಿಲ್ಲದೆ ಓಡುವುದರಿಂದ ಕಿವಿಗೆ ವೇಗದ ಅಂದಾಜು ಸಿಗುವುದಿಲ್ಲ. ಸ್ಪೀಡೋಮೀಟರ್ ನೋಡದಿದ್ದರೆ ಹಳೆಯ ಬೈಕಿಗಿಂತ ಹೆಚ್ಚು ವೇಗದಲ್ಲೇ ತಿರುವಿಗೆ ಇಳಿದಿರುತ್ತೀರಿ. ಬ್ರೇಕ್ ಹಾಕುವುದನ್ನೂ ಗೇರ್ ಇಳಿಸುವುದನ್ನೂ ಬೈಕ್ ನೆಟ್ಟಗಿರುವಾಗಲೇ ಮುಗಿಸಿ, ವಾಲಿಸಿದ ಮೇಲೆ ಆಕ್ಸಿಲರೇಟರನ್ನು ಒಂದೇ ಸಮನಾಗಿ ಹಿಡಿದು, ತಿರುವಿನ ಕೊನೆ ಕಂಡ ಮೇಲೆ ನಿಧಾನವಾಗಿ ಹೆಚ್ಚಿಸಿ. ಹೊರ ಅಂಚನ್ನು ಕಂಡು ಗಾಬರಿಯಿಂದ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ಬಿದ್ದು, ಹಿಂಚಕ್ರದ ಹಿಡಿತ ಕುಗ್ಗುತ್ತದೆ. ದೃಷ್ಟಿಯಂತೂ ಹೋಗಬೇಕಾದ ಕಡೆಗೇ ಇರಲಿ. ಅಂಚನ್ನೇ ನೋಡುತ್ತಿದ್ದರೆ ಬೈಕೂ ಅತ್ತಲೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಡಿಗೆಯ ವೇಗದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಸುವಾಗಲೂ ಹಿಡಿಯನ್ನು ಹೀಗೆಯೇ ಒತ್ತಬೇಕೇ?

ಉತ್ತರ 3:
ಬೇಡ. ಅಷ್ಟು ನಿಧಾನದಲ್ಲಿ ಹ್ಯಾಂಡಲನ್ನು ತಿರುಗಬೇಕಾದ ಕಡೆಗೇ ತಿರುಗಿಸಿ, ಮೈಯನ್ನು ಹೊರಬದಿಗೆ ಸರಿಸಿ, ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ತುಳಿದಿರಬೇಕು. ಹ್ಯಾಂಡಲ್ ಹೊರಳಿರುವಾಗ ಮುಂದಿನ ಬ್ರೇಕ್ ಮುಟ್ಟಬೇಡಿ. ಇಷ್ಟು ಭಾರದ ಬೈಕ್ ಒಮ್ಮೆ ಒಂದು ಬದಿಗೆ ಕುಸಿಯತೊಡಗಿದರೆ ಕಾಲೂರಿ ತಡೆಯುವುದು ಕಷ್ಟ. ಇನ್ನೊಂದು ಮಾತು: ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಹ್ಯಾಂಡಲ್ ಭಾರವಾಗಿ, ಬೈಕ್ ವಾಲಲು ಹಟ ಮಾಡುತ್ತದೆ. ರೂಢಿ ಬದಲಿಸುವ ಮೊದಲು ಟೈರ್ ತಣ್ಣಗಿರುವಾಗ ಅದನ್ನೊಮ್ಮೆ ಪರೀಕ್ಷಿಸಿ.